ಕಮಲ ಮಹಲಿನ ಸಂಜೆ ಯಾರದು?

ಹನುಮನಹಳ್ಳಿಯಲ್ಲಿ ಇಳಿಬಿಸಿಲಿಗೆ ಕೂರಲು ಯಾವುದಾದರೊಂದು ಹೆಬ್ಬಂಡೆ ಸಾಕು. ತುಂಗಭದ್ರೆಯ ಆಚೆ, ಹಂಪಿಯ ಕಮಲ ಮಹಲಿನಲ್ಲಿ ಅದೇ ಸುಖಕ್ಕೆ ಎತ್ತರದ ಕಲ್ಲುಗೋಡೆಯ ಮರೆಯಿದೆ. ಇಟ್ಟಿಗೆ, ಗಾರೆಯ ಈ ಮಂಟಪದ ಕೆಳ ಅಂತಸ್ತಿನಲ್ಲಿ 24 ಕಂಬಗಳು, ನಡುವೆ ಬಾಗಿಲಿಲ್ಲದ ಕಮಾನುಗಳು. ಗಾಳಿ, ಬೆಳಕಿಗೆ ತಡೆಯಿಲ್ಲ. ಹೊರಗಿನವರ ಕಣ್ಣಿಗಷ್ಟೇ ತಡೆ.

ರಾಣಿಯರ ವಿಹಾರಕ್ಕೆಂದೇ ಕಟ್ಟಿದ್ದು ಎನ್ನುತ್ತಾರೆ ಗೈಡುಗಳು. ಕೇಳಲು ಚೆನ್ನ. ಆದರೆ ‘ಜನಾನಾ’, ‘ಕಮಲ ಮಹಲ್’ ಎಂಬ ಹೆಸರುಗಳು 1565ರಲ್ಲಿ ರಾಜಧಾನಿ ಹಾಳಾದ ಎಷ್ಟೋ ಕಾಲದ ನಂತರ ಅಂಟಿಕೊಂಡವು. ಹಳೆಯ ನಕ್ಷೆಯೊಂದು ಇದನ್ನು ಮಂತ್ರಾಲೋಚನೆಯ ಸಭಾಗೃಹ ಎಂದು ಗುರುತಿಸಿದೆ. ಆನೆ ಲಾಯವೂ ಗೋಡೆಯಾಚೆ ಪಕ್ಕದಲ್ಲೇ ಇದೆ. ಅಂತಃಪುರಕ್ಕೆ ಇಂಥ ನೆರೆಹೊರೆಯೇ? ಹಾಗಾಗಿ ಇಲ್ಲಿ ಸಂಜೆ ಕಳೆದವರು ಅರಸ, ದಂಡನಾಯಕರೇ ಇದ್ದಾರು ಎಂಬುದು ಕೆಲವು ವಿದ್ವಾಂಸರ ಊಹೆ. ಸುತ್ತಲಿನ ಹುಲ್ಲುಹಾಸಂತೂ ನಮ್ಮ ಕಾಲದ್ದು.