ಬಂದ ಬಸ್ಸು, ಬಂದ ಊರು

'ನಾ ಬಂದ ಬಸ್ಸು' ಅನ್ನುತ್ತೇವೆ. 'ನಾ ಬಂದ ದಿನ', 'ನಾ ಬಂದ ಕೆಲಸ' ಅಂತಲೂ ಅನ್ನುತ್ತೇವೆ. ಸವಣೂರಿನಿಂದ ಹಿರೇಕೆರೂರಿನವರೆಗೆ ಯಾರಿಗೂ ಇದರಲ್ಲಿ ಗೊಂದಲವಿಲ್ಲ. ಬಸ್ಸಿನಲ್ಲಿ ಬಂದದ್ದು, ಆ ದಿನ ಬಂದದ್ದು, ಕೆಲಸಕ್ಕೆ ಬಂದದ್ದು ಎಲ್ಲವನ್ನೂ 'ಬಂದ' ಎಂಬ ಒಂದೇ ಕೃದಂತ ಹೊರುತ್ತದೆ. 'ಬಂದ ಊರು' ಮಾತ್ರ ಸ್ವಲ್ಪ ತೊಡಕಿನದು. ಬಿಟ್ಟು ಬಂದ ಊರೋ, ಬಂದು ಸೇರಿದ ಊರೋ, ಸಂದರ್ಭ ನೋಡಿ ತಿಳಿಯಬೇಕು.

ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಆ ಸಂಬಂಧವನ್ನು ಬಾಯಿಬಿಟ್ಟು ಹೇಳಬೇಕು: 'ಇನ್ ವಿಚ್', 'ಫ್ರಾಮ್ ವಿಚ್', 'ಫಾರ್ ವಿಚ್'. ಹಾನಗಲ್ಲಿನದೋ ಶಿಗ್ಗಾವಿಯದೋ ಹೈಸ್ಕೂಲಿನ ಹುಡುಗಿ 'ದ ಬಸ್ ವಿಚ್ ಐ ಕೇಮ್' ಎಂದು ಬರೆದರೆ ಕೆಂಪು ಶಾಯಿಯ ಸುತ್ತು ಬೀಳುತ್ತದೆ. ಅದು ಅಲಕ್ಷ್ಯವಲ್ಲ. ಆಕೆಯ ಭಾಷೆಯಲ್ಲಿ ಆ ಜಾಗದಲ್ಲಿ ಪ್ರತ್ಯಯವೇ ಇಲ್ಲ. ಇಲ್ಲದ್ದನ್ನು ಬಿಟ್ಟಳು, ಅಷ್ಟೇ.

ಆದರೆ ಅದೇ ಹುಡುಗಿಯ ಬಾಯಲ್ಲಿ ಇನ್ನೊಂದು ವಾಕ್ಯವೂ ಇದೆ: 'ನಾ ಯಾವ ಬಸ್ಸಿನ್ಯಾಗ ಬಂದ್ನೋ ಆ ಬಸ್ಸು'. ಇಲ್ಲಿ 'ಯಾವ' ಬಂದೊಡನೆ ಅಡಗಿದ್ದ 'ಆಗ' ಎಂಬ ಪ್ರತ್ಯಯ (ಬರಹದ 'ಅಲ್ಲಿ') ಹೊರಗೆ ಬಂತು. 'ಯಾವ' ಎಂಬುದು 'ವಿಚ್', 'ಆಗ' ಎಂಬುದು 'ಇನ್'. 'ಯಾವ ಊರಿಂದ' ಅಂದರೆ 'ಫ್ರಾಮ್ ವಿಚ್', 'ಯಾರ ಜೋಡಿ' ಅಂದರೆ 'ವಿತ್ ಹೂಮ್'. ಪಾಠವನ್ನು ಇಲ್ಲಿಂದ ಶುರು ಮಾಡಬೇಕೆಂದು ನನ್ನ ಗಟ್ಟಿ ನಂಬಿಕೆ. ನಿಯಮಗಳ ಪಟ್ಟಿ ಆಮೇಲೆ ಬರಲಿ.

1909ರಲ್ಲಿ ಸವಣೂರಿನಲ್ಲಿ ಹುಟ್ಟಿದ ವಿ.ಕೃ. ಗೋಕಾಕರು ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದರು. ಹೈಸ್ಕೂಲಿನಲ್ಲಿ ಕನ್ನಡವೊಂದೇ ಪ್ರಥಮ ಭಾಷೆಯಾಗಲಿ ಎಂದು 1981ರಲ್ಲಿ ವರದಿ ಕೊಟ್ಟ ಸಮಿತಿಗೆ ಅವರೇ ಅಧ್ಯಕ್ಷರು. ಇಂಗ್ಲಿಷ್ ಚೆನ್ನಾಗಿ ಬಲ್ಲವರು ಕನ್ನಡದ ಬುನಾದಿ ಕೇಳಿದರು ಎಂಬುದನ್ನು ನಮ್ಮ ಇಂಗ್ಲಿಷ್ ಮೇಷ್ಟ್ರುಗಳು ನೆನೆಯಬೇಕು.

ಕನ್ನಡದ ಆಸರೆ ಎಲ್ಲ ಕಡೆಗೂ ಸಾಲದು, ನಿಜ. 'ಬಸ್ ಸ್ಟ್ಯಾಂಡಿನ್ಯಾಗ ನಿಂತೀನಿ' ಅಂದರೆ ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ 'ಅಟ್'. 'ಬಸ್ಸಿನ್ಯಾಗ ಕುಂತೀನಿ' ಅಂದರೆ, ಒಳಗೇ ಕೂತಿದ್ದರೂ, ಹೆಚ್ಚಾಗಿ 'ಆನ್'. ಒಂದೇ 'ಆಗ' ಅಲ್ಲಿ ಹೀಗೆ ಒಡೆದುಹೋಗುತ್ತದೆ. 'ಯಾವ ದಿನ ಬಂದ್ನೋ' ಅನ್ನುವಲ್ಲಿಯಂತೂ ಹಿಡಿದುಕೊಳ್ಳಲು ಪ್ರತ್ಯಯವೇ ಇಲ್ಲ. ಗಂಟೆಗೆ 'ಅಟ್', ವಾರಕ್ಕೂ ತಾರೀಖಿಗೂ 'ಆನ್', ತಿಂಗಳಿಗೂ ವರ್ಷಕ್ಕೂ 'ಇನ್' ಎಂದು ಬಾಯಿಪಾಠ ಮಾಡಿಸುವುದೇ ದಾರಿ.