ಕೋವಿಯ ಒಳಮೈ

ಬ್ಯಾಂಕಿನ ಬಾಗಿಲಲ್ಲಿ ಕಾವಲಿನವನ ಕೋವಿಯನ್ನು ನಿತ್ಯ ನೋಡುವ ನಮಗೆ ಮಸ್ಕೆಟ್ಟೂ ರೈಫಲ್ಲೂ ಒಂದೇ. ಭೇದವಿರುವುದು ನಳಿಗೆಯ ಒಳಗೆ. ಮಸ್ಕೆಟ್ಟಿನ ಒಳಮೈ ನುಣುಪು. ಸಡಿಲವಾಗಿ ಕೂತ ದುಂಡು ಗುಂಡು ನೂರು ಗಜದಾಚೆ ಗುರಿ ತಪ್ಪುವುದೇ ಹೆಚ್ಚು. ರೈಫಲ್ಲಿನೊಳಗೆ ಸುರುಳಿ ಗೀರುಗಳುಂಟು. ಗುಂಡು ಬುಗುರಿಯಂತೆ ತಿರುಗುತ್ತ ನೆಟ್ಟಗೆ ಸಾಗುವುದು. ಆದರೆ ಬಿಗಿಯಾದ ಗುಂಡನ್ನು ನಳಿಗೆಯ ಬಾಯಿಂದ ತುರುಕಲು ಮೊದಲು ಬಹಳ ಹೊತ್ತು ಹಿಡಿಯುತ್ತಿತ್ತು. 1849ರಲ್ಲಿ ಫ್ರಾನ್ಸಿನ ಮಿನಿಯೇ ರೂಪಿಸಿದ, ಸಿಡಿದಾಗ ಬುಡ ಹಿಗ್ಗುವ ಗುಂಡು ಆ ತೊಡಕನ್ನು ನೀಗಿತು. 1853ರ ಎನ್‌ಫೀಲ್ಡ್ ರೈಫಲ್ ಅದೇ ಬಗೆಯದು. ಅದರ ತೋಟೆಯ ಕೊಬ್ಬಿನ ಸುದ್ದಿಯೇ 1857ರ ದಂಗೆಗೆ ಕಿಡಿಯಾಯಿತು.

ಅದೇ ವರ್ಷ ಕಂಪನಿ ಸರಕಾರವು ಪ್ರಜೆಗಳ ಆಯುಧಗಳನ್ನು ಕಸಿಯಹೊರಟಿತು. ಮುಧೋಳದ ಬಳಿಯ ಹಲಗಲಿಯ ಬೇಡರು ಒಪ್ಪದೆ ಕಾದಿದರು. ಊರು ಸುಟ್ಟುಹೋಯಿತು, ಹಲವರು ಗಲ್ಲಿಗೇರಿದರು. ರೈಫಲ್ ತರಿಸಿಕೊಂಡ ಸರಕಾರವು ಹಳ್ಳಿಗರ ಆಯುಧಕ್ಕೇಕೆ ಅಂಜಿತು? ಹಲಗಲಿಯ ಲಾವಣಿಯ ಕತೆಯನ್ನು ಮಕ್ಕಳಿಗೆ ಹೇಳುವಾಗ ಈ ಪ್ರಶ್ನೆಯನ್ನೂ ಕೇಳೋಣ.