ದೋಆಬಿನ ಕ್ರೈಸ್ತ ಸಭೆಗಳಲ್ಲಿ ಉಪಕಾರಸ್ಮರಣೆ

೧

ಸಿಂಧನೂರಿನಿಂದ ಸಿರುಗುಪ್ಪಕ್ಕೆ ಹೋಗುವ ಮಾರ್ಗವು ತುಂಗಭದ್ರೆಯನ್ನು ದಾಟುವೆಡೆಯಲ್ಲಿ, ನದಿಯ ಎಡದಂಡೆಯ ಮೇಲೆ ದಢೇಸುಗೂರೆಂಬ ಗ್ರಾಮವಿದೆ. ಈಗ ಅಲ್ಲಿ ಸೇತುವೆಯಿದ್ದು, ಪಯಣಿಗನು ತಾನು ಒಂದು ಎಲ್ಲೆಯನ್ನು ದಾಟಿದೆನೆಂಬ ಎಣಿಕೆಯೇ ಇಲ್ಲದೆ ಆಚೆಗೆ ಹೋಗುತ್ತಾನೆ. ಆದರೆ ೧೮೦೦ ರಿಂದ ಮುಂದೆ ಸುಮಾರು ಒಂದೂವರೆ ಶತಮಾನದ ಕಾಲ ಈ ನದಿಯೇ ಎರಡು ಆಳಿಕೆಗಳ ಗಡಿಯಾಗಿದ್ದಿತು. ಆಚೆಯ ದಂಡೆಯು ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆ. ಈಚೆಯದು, ೧೮೫೩ ರಿಂದ ೧೮೬೦ ರವರೆಗಿನ ಅಲ್ಪಕಾಲವನ್ನು ಬಿಟ್ಟರೆ, ನಿಜಾಮರ ರಾಜ್ಯಕ್ಕೆ ಸೇರಿದ ರಾಯಚೂರು ದೋಆಬು.

ಕನ್ನಡನಾಡಿನ ಕ್ರೈಸ್ತಮತದ ಚರಿತ್ರೆಯನ್ನು ಆಲೋಚಿಸುವವನಿಗೆ ಈ ಗ್ರಾಮವು ಒಳ್ಳೆಯ ನೆಲೆ. ಇಲ್ಲಿಂದ ವಾಯವ್ಯಕ್ಕೆ, ಲಿಂಗಸುಗೂರು ತಾಲೂಕಿನಲ್ಲಿ, ಒಳನಾಡಿನ ಅತಿ ಪ್ರಾಚೀನ ರೋಮನ್ ಕ್ಯಾಥೊಲಿಕ್ ಸಭೆಗಳಲ್ಲೊಂದಾದ ಮುದಗಲ್ಲಿನ ಸಭೆಯಿದೆ. ದಕ್ಷಿಣಕ್ಕೆ, ನದಿಯಾಚೆ, ಇಡಿಯ ಬೈಬಲು ಮೊಟ್ಟಮೊದಲು ಕನ್ನಡಕ್ಕೆ ಇಳಿದುಬಂದ ಬಳ್ಳಾರಿಯಿದೆ. ಒಂದು ಗುಡಿಯ ಚರಿತ್ರೆ, ಇನ್ನೊಂದು ಗ್ರಂಥದ ಚರಿತ್ರೆ. ಇವೆರಡನ್ನೂ ಕುರಿತು ಬರೆದವರು ಸಾಮಾನ್ಯವಾಗಿ ಕೇಳಿದ ಪ್ರಶ್ನೆ, ಈ ಮತವು ಬಂದುದು ಯಾವಾಗ, ತಂದವರು ಯಾರು ಎಂಬುದು. ಈ ಲೇಖನದ ಪ್ರಶ್ನೆ ಬೇರೆ: ಬಂದುದು ನಿಂತುದು ಯಾವುದರಿಂದ?

ದಾನಶಾಸನಗಳಿಂದಲೂ ಪಾದ್ರಿಗಳ ಪಾಂಡಿತ್ಯದಿಂದಲೂ ಮಾತ್ರವೇ ಅದು ನಿಲ್ಲಲಿಲ್ಲ. ಅನ್ನ, ಮಳೆ, ಮಗುವಿನ ಆರೋಗ್ಯ, ಕತ್ತಲಾಗುವ ಮುನ್ನ ಮನೆಗೆ ಮರಳಿ ಬಂದ ಯಜಮಾನ, ಇಂತಹ ದಿನದಿನದ ಅನುಗ್ರಹಗಳನ್ನು ಗುರುತಿಸಿ ಹೇಳುವ ಅಭ್ಯಾಸವೇ ಅದರ ಆಧಾರಸ್ತಂಭವೆಂದು ನನ್ನ ಅಭಿಪ್ರಾಯ. ಈ ಅಭ್ಯಾಸಕ್ಕೆ ಶಿಲಾಶಾಸನವಿಲ್ಲ. ೧೯೧೫ ರಲ್ಲಿ ಮಸ್ಕಿಯಲ್ಲಿ ದೊರೆತ ಬಂಡೆಯ ಬರಹದಿಂದ ಅಶೋಕನ ಹೆಸರು ಸಿದ್ಧವಾಯಿತು. ಚಕ್ರವರ್ತಿಯ ಮಾತು ಕಲ್ಲಿನಲ್ಲಿ ಉಳಿಯುತ್ತದೆ. ಒಕ್ಕಲಿಗನ ಮನೆಯ ಸಂಜೆಯ ಪ್ರಾರ್ಥನೆಯಾದರೋ ನಾಲಿಗೆಯ ಮೇಲೆ ಮಾತ್ರ ಉಳಿಯುತ್ತದೆ. ಆದಕಾರಣ ಇಲ್ಲಿ ಪ್ರಮಾಣವಾಗಿ ತೆಗೆದುಕೊಳ್ಳಬೇಕಾದುದು ಕಲ್ಲನ್ನಲ್ಲ, ಶಬ್ದವನ್ನು.

೨

ಮೊದಲು ಚರಿತ್ರೆಯ ಚೌಕಟ್ಟನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಫ್ರಾನ್ಸಿಸ್ ಝೇವಿಯರನು ಗೋವೆಗೆ ಬಂದುದು ೧೫೪೨ ರಲ್ಲಿ. ಮುದಗಲ್ಲಿನ ಗುಡಿಯನ್ನು ಜೆಸುವಿಟ್ ಪಾದ್ರಿಗಳು ೧೫೫೭ ಕ್ಕಿಂತ ಮುಂಚೆಯೇ ಕಟ್ಟಿದರೆಂದು ಪ್ರತೀತಿಯಿದೆ. ಹಾಗಾದರೆ ಅದು ವಿಜಯನಗರವಿನ್ನೂ ಉಚ್ಛ್ರಾಯದಲ್ಲಿದ್ದ ಕಾಲ. ೧೫೬೫ ರ ರಕ್ಕಸತಂಗಡಿಯ ಯುದ್ಧ ಇನ್ನೂ ನಡೆದಿರಲಿಲ್ಲ. ಅಲ್ಲಿಂದೀಚೆಗೆ ಈ ಸೀಮೆಯನ್ನು ವಿಜಾಪುರದ ಆದಿಲಶಾಹಿಗಳು, ೧೬೮೬ ರ ಮೇಲೆ ಮೊಗಲರು, ಅನಂತರ ನಿಜಾಮರು, ನಡುವೆ ಕೆಲವು ವರ್ಷ ಇಂಗ್ಲಿಷರು ಆಳಿದರು. ೧೯೪೮ ರಲ್ಲಿ ಅದು ಭಾರತದ ಒಕ್ಕೂಟಕ್ಕೆ ಸೇರಿತು. ೧೯೫೬ ರಲ್ಲಿ ಕನ್ನಡ ರಾಜ್ಯಕ್ಕೆ ಬಂದಿತು. ಇಷ್ಟು ಧ್ವಜಗಳು ಏರಿ ಇಳಿದರೂ ಆ ಸಭೆಯು ಅಳಿಯಲಿಲ್ಲ. ಸುರಪುರದಲ್ಲಿ ಆಂಗ್ಲರ ರಾಜಕೀಯ ಪ್ರತಿನಿಧಿಯಾಗಿದ್ದ ಮೆಡೋಸ್ ಟೇಲರನು ಚಾಂದಬೀಬಿಯ ಕಾಲವನ್ನು ಕುರಿತು ಬರೆದು, ಅವನು ತೀರಿಕೊಂಡ ಮೇಲೆ ೧೮೭೮ ರಲ್ಲಿ ಹೊರಬಂದ 'ಎ ನೋಬಲ್ ಕ್ವೀನ್' ಎಂಬ ಕಾದಂಬರಿಯಲ್ಲಿ ಮುದಗಲ್ಲಿನ ಕ್ರೈಸ್ತರಿಗೆ ಸ್ಥಾನ ಕೊಟ್ಟಿರುವುದನ್ನು ವಾಚಕರು ಬಲ್ಲರು. ಮೊಹರಮಿನ ಹಬ್ಬಕ್ಕೆ ಎಲ್ಲ ಮತದವರೂ ನೆರೆಯುವ ಊರೆಂದು ಹೆಸರಾದ ಮುದಗಲ್ಲಿನಲ್ಲಿ ಈ ಸಭೆಯು ನೆರೆಹೊರೆಯ ನಡುವೆಯೇ ಬಾಳಿತು.

ನದಿಯಾಚೆಯ ಕಥೆ ತೀರ ಈಚಿನದು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸನು ೧೮೧೦ ರಲ್ಲಿ ಬಳ್ಳಾರಿಗೆ ಬಂದು ಕನ್ನಡವನ್ನು ಕಲಿತು ಭಾಷಾಂತರಕ್ಕೆ ಕೈಯಿಕ್ಕಿದನು. ಇಡಿಯ ಬೈಬಲು ಕನ್ನಡದಲ್ಲಿ ೧೮೩೧ ರಲ್ಲಿ ಪೂರ್ತಿಯಾಯಿತು. ಅವನ ಜೊತೆಗಾರನಾದ ವಿಲಿಯಂ ರೀವನ ಕನ್ನಡ-ಇಂಗ್ಲಿಷು ನಿಘಂಟು ೧೮೩೨ ರದು. ೧೮೩೪ ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರಲ್ಲಿ ಮೋಗ್ಲಿಂಗ್, ವೈಗ್ಲೆ, ಕಿಟ್ಟೆಲ್ ಇವರು ನಮ್ಮ ಸಾಹಿತ್ಯಕ್ಕೆ ಮಾಡಿದ ಉಪಕಾರವು ಸುವಿದಿತವಾದುದು. ಶಬ್ದಮಣಿದರ್ಪಣವನ್ನು ೧೮೭೨ ರಲ್ಲಿಯೂ ನಾಗವರ್ಮನ ಛಂದಸ್ಸನ್ನು ೧೮೭೫ ರಲ್ಲಿಯೂ ಅಚ್ಚುಹಾಕಿಸಿ, ೧೮೯೪ ರಲ್ಲಿ ಮಹಾನಿಘಂಟನ್ನು ಹೊರತಂದ ಕಿಟ್ಟೆಲ್ಲನು ಅದಕ್ಕೂ ಮುಂಚೆ, ೧೮೬೨ ರಲ್ಲಿಯೇ, ಕ್ರಿಸ್ತನ ಚರಿತ್ರೆಯನ್ನು ಈ ದೇಶದ ಹಾಡಿನ ಮಟ್ಟಿನಲ್ಲಿ 'ಕಥಾಮಾಲೆ'ಯಾಗಿ ರಚಿಸಿದ್ದನೆಂಬುದನ್ನು ಮಾತ್ರ ಇಲ್ಲಿ ನೆನೆಯಬೇಕು. ಪುಸ್ತಕ ಓದಲಾರದವನೂ ಹಾಡಬಲ್ಲನೆಂಬುದನ್ನು ಅವನು ಅರಿತಿದ್ದನು.

೩

ಇನ್ನು ಶಬ್ದಗಳ ವಿಚಾರ. ಗ್ರೀಕಿನಲ್ಲಿ 'ಖಾರಿಸ್' ಎಂಬ ಒಂದೇ ಪದಕ್ಕೆ ಕೊಡುವವನ ದಯೆಯೆಂದೂ ಪಡೆದವನ ಧನ್ಯವಾದವೆಂದೂ ಎರಡರ್ಥವುಂಟು. ಲ್ಯಾಟಿನ್ನಿನ 'ಗ್ರಾತಿಯ' ಎಂಬುದಕ್ಕೂ ಹಾಗೆಯೇ. ಕ್ರೈಸ್ತರ ಮುಖ್ಯಾರಾಧನೆಗೆ ಗ್ರೀಕರು ಇಟ್ಟ 'ಯೂಖಾರಿಸ್ತಿಯ' ಎಂಬ ಹೆಸರಿಗೆ ಉಪಕಾರಸ್ಮರಣೆಯೆಂದೇ ಅರ್ಥ. ನಮ್ಮಲ್ಲಿ ಹೀಗೆ ಎರಡನ್ನೂ ಒಂದರಲ್ಲಿ ಅಡಗಿಸುವ ಪದವಿಲ್ಲವಾಗಿ, ಭಾಷಾಂತರಕಾರರು ಎರಡೆಡೆಗಳಿಂದ ಪದಗಳನ್ನು ತರಬೇಕಾಯಿತು.

ಇಳಿದು ಬರುವ ದಯೆಗೆ ಪ್ರಾಟೆಸ್ಟಂಟರು 'ಕೃಪೆ' ಎಂದರು, ಕ್ಯಾಥೊಲಿಕರು 'ವರಪ್ರಸಾದ'ವೆಂದರು, ಆರಾಧನೆಯಲ್ಲಿ ಸ್ವೀಕರಿಸುವ ರೊಟ್ಟಿಯನ್ನು 'ಪರಮಪ್ರಸಾದ'ವೆಂದರು. 'ಪ್ರಸಾದ'ವೆಂದರೆ ಮೊದಲು ನಿರ್ಮಲತೆ, ಆಮೇಲೆ ಮನಸ್ಸಿನ ತಿಳಿವು, ಆಮೇಲೆ ಒಲಿದವನು ಕೊಟ್ಟುದು. ವೀರಶೈವರ ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಉಣ್ಣುವುದನ್ನೆಲ್ಲ ಅರ್ಪಿಸಿ ಮರಳಿ ಪಡೆದುದೆಂದು ಭಾವಿಸಬೇಕೆಂಬುದು ಆ ಶಾಸ್ತ್ರದ ತಾತ್ಪರ್ಯ. ದೋಆಬಿನ ಹಳ್ಳಿಯಲ್ಲಿ ಹುಟ್ಟಿದವನಿಗೆ ಇದನ್ನು ಯಾರೂ ಬೋಧಿಸಬೇಕಾಗಿಲ್ಲ. ಆದ್ದರಿಂದ 'ಪ್ರಸಾದ'ವೆಂಬ ಮಾತು ಗುಡಿಯಿಂದ ಇಗರ್ಜಿಗೆ ಹೋದಾಗ ತನ್ನ ಅರ್ಥಸಂಪತ್ತನ್ನೂ ಕೂಡ ಕೊಂಡೊಯ್ದಿತು.

ಏರಿ ಹೋಗುವ ಕೃತಜ್ಞತೆಗೆ ದೊರೆತುದು 'ಸ್ತೋತ್ರ'. ಸ್ತುಧಾತುವಿನ ಮೇಲೆ ಕರಣಾರ್ಥದಲ್ಲಿ ಷ್ಟ್ರನ್ ಪ್ರತ್ಯಯವನ್ನು ಪಾಣಿನಿಯು ವಿಧಿಸಿದ್ದಾನೆ. ಸ್ತುತಿಗೆ ಸಾಧನವಾದುದೇ ಸ್ತೋತ್ರ. ಯಾಜ್ಞಿಕರಲ್ಲಿ ಗಾನಮಾಡುವುದು ಸ್ತೋತ್ರ, ಗಾನವಿಲ್ಲದೆ ಹೇಳುವುದು ಶಸ್ತ್ರ. ಎರಡರಲ್ಲಿಯೂ ಹೇಳುವುದು ದೇವತೆಯ ಗುಣಗಳನ್ನು. ಹೇಳುವವನಿಗೆ ಏನು ದೊರೆಯಿತೆಂಬುದು ಅಲ್ಲಿ ಪ್ರಧಾನವಲ್ಲ. ಕನ್ನಡ ಕ್ರೈಸ್ತರ ಬಾಯಲ್ಲಿ ಈ ಪದದ ಅರ್ಥವು ಸರಿದಿದೆ. ಮಳೆ ಬಂದರೆ ದೇವರಿಗೆ ಸ್ತೋತ್ರ, ಜ್ವರ ಇಳಿದರೆ ಸ್ತೋತ್ರ, ಎದುರಿಗೆ ಸಿಕ್ಕವನನ್ನು ಮಾತನಾಡಿಸುವುದಕ್ಕೂ ಸ್ತೋತ್ರ. ಗಾನದ ಹೆಸರು ಧನ್ಯವಾದದ ಹೆಸರಾಗಿ, ಕೊನೆಗೆ ನೆರೆಯವನ ಕುಶಲಪ್ರಶ್ನೆಗೆ ಪ್ರತಿನಿಧಿಯಾಯಿತು.

ಈ ಪದಗಳನ್ನು ಆರಿಸಿದವರು ವಿದೇಶೀಯರಾದ್ದರಿಂದ ಇವು ಕೃತಕವೆಂದು ಕೆಲವರು ಹೇಳುವುದುಂಟು. ಆರಿಸಿದುದು ನಿಜ, ಆದರೆ ಅರ್ಥವನ್ನು ಸರಿಸಿದವರು ಅವರಲ್ಲ. ನಿಘಂಟಿನಲ್ಲಿ ಸ್ತೋತ್ರವೆಂದು ಬರೆದವನಿಗೆ ಅದು ಒಂದು ದಿನ ಬಾವಿಯ ಕಟ್ಟೆಯ ಮೇಲೆ ವಂದನೆಯ ಮಾತಾದೀತೆಂದು ಹೊಳೆದಿರಲಾರದು. ಅದು ಬಳಸಿದವರ ಕೆಲಸ. ಪದದ ಅರ್ಥವನ್ನು ಬದಲಿಸುವಷ್ಟು ಕಾಲ ಅದನ್ನು ಬಾಳಿಸಿದವರನ್ನು ಆ ಭಾಷೆಯ ಅತಿಥಿಗಳೆನ್ನುವುದು ನ್ಯಾಯವಲ್ಲ.

ಮತ್ತೊಂದು ಪದ 'ಆಹಾರ'. ಕ್ರಿಸ್ತನು ಕಲಿಸಿದ ಪ್ರಾರ್ಥನೆಯಲ್ಲಿ ಅನ್ನದ ಬೇಡಿಕೆಯೊಂದಿದೆ. ಅಲ್ಲಿ ಅನ್ನಕ್ಕೆ ವಿಶೇಷಣವಾಗಿರುವ 'ಎಪಿಊಸಿಯೊಸ್' ಎಂಬುದು ಗ್ರೀಕರ ಬಳಕೆಯಲ್ಲಿ ಕಾಣದ ಶಬ್ದವೆಂದು ಮೂರನೆಯ ಶತಮಾನದ ಓರಿಗೆನನೇ ಹೇಳಿದ್ದನು. ಜೆರೋಮನು ಲ್ಯಾಟಿನ್ನಿನಲ್ಲಿ ಒಂದು ಸುವಾರ್ತೆಯಲ್ಲಿ ದಿನದಿನದ ಅನ್ನವೆಂದೂ ಇನ್ನೊಂದರಲ್ಲಿ ಲೋಕೋತ್ತರವಾದ ಅನ್ನವೆಂದೂ ಇಟ್ಟನು. ಕನ್ನಡದವರು ದಿನದಿನದ ಪಕ್ಷವನ್ನೇ ಹಿಡಿದರು. ಗೋದಿಯ ರೊಟ್ಟಿಯನ್ನು ಬಿಟ್ಟು 'ಆಹಾರ'ವೆಂದರು. 'ಆಹ್ರಿಯತೇ' ಎಂಬ ವ್ಯುತ್ಪತ್ತಿಯಿಂದ ತರಲ್ಪಟ್ಟುದೇ ಆಹಾರ. ತರಲ್ಪಟ್ಟುದೆಂದರೆ ತಂದವನೊಬ್ಬನು ಇರಲೇಬೇಕು. ಜೋಳದ ನಾಡಿಗೂ ಭತ್ತದ ನಾಡಿಗೂ ಸಮನಾಗಿ ಸಲ್ಲುವ ಈ ಪದದಲ್ಲಿ ಉಪಕಾರಸ್ಮರಣೆಯು ತಾನಾಗಿ ಅಡಗಿದೆ.

೪

ಶಬ್ದಕ್ಕೆ ಜೊತೆಯಾಗಿ ಒಂದು ಆಚಾರವನ್ನೂ ನೋಡಬೇಕು. ಪ್ರಾಟೆಸ್ಟಂಟ್ ಸಭೆಗಳಲ್ಲಿ ಸುಗ್ಗಿಯ ಹಬ್ಬವೆಂಬುದೊಂದು ನಡೆಯುತ್ತದೆ. ಒಕ್ಕಲಾದವರು ಬೆಳೆಯ ಪ್ರಥಮಫಲವನ್ನೂ, ಹೊಲವಿಲ್ಲದವರು ಕೋಳಿ, ಮೊಟ್ಟೆ, ತರಕಾರಿ, ಕೈಕೆಲಸದ ವಸ್ತು, ಏನೂ ಇಲ್ಲದವರು ಹಿಡಿಯಷ್ಟು ಕಾಳನ್ನೂ ತಂದು ದೇವಾಲಯದಲ್ಲಿ ಇಡುತ್ತಾರೆ. ಆಮೇಲೆ ಅವನ್ನು ಸವಾಲು ಕೂಗಿ ಬಂದ ಹಣವನ್ನು ಸಭೆಗೆ ಸೇರಿಸುತ್ತಾರೆ. ಇಂಗ್ಲೆಂಡಿನಲ್ಲಿ ಈ ಹಬ್ಬವನ್ನು ಈಗಿನ ರೂಪದಲ್ಲಿ ತೊಡಗಿಸಿದವನು ಕಾರ್ನ್‌ವಾಲ್ ಸೀಮೆಯ ಪಾದ್ರಿ ಹಾಕರನು, ೧೮೪೩ ರಲ್ಲಿ. ಮೂಲವು ಯೆಹೂದ್ಯರ ಧರ್ಮಶಾಸ್ತ್ರದಲ್ಲಿ ಹೇಳಿದ ಪ್ರಥಮಫಲದ ಬುಟ್ಟಿ.

ಕರಾವಳಿಯ ಕೊಂಕಣಿ ಕ್ಯಾಥೊಲಿಕರಲ್ಲಿ ಇದಕ್ಕೆ ಸಮಾನವಾದುದು ಸೆಪ್ಟೆಂಬರು ೮ ರ ಮೊಂತಿ ಹಬ್ಬ. ೧೭೬೩ ರಲ್ಲಿ ಫರಂಗಿಪೇಟೆಯ ಮೊಂತೆ ಮರಿಯಾನೊ ದೇವಾಲಯದಲ್ಲಿ ಗೋವೆಯ ಪಾದ್ರಿ ಜೋಕಿಂ ಮಿರಾಂದನು ಇದನ್ನು ತೊಡಗಿಸಿದನೆಂದು ಹೇಳುತ್ತಾರೆ. ಆ ದಿನ ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗೆ ತಂದು, ಕಾಳನ್ನು ಹಾಲಿನಲ್ಲೋ ಪಾಯಸದಲ್ಲೋ ಸೇರಿಸಿ ಮನೆಮಂದಿಯೆಲ್ಲ ಕೂಡಿ ಉಣ್ಣುತ್ತಾರೆ.

ಶ್ರೌತಗ್ರಂಥಗಳನ್ನು ಪಾಠಶಾಲೆಯಲ್ಲಿ ಓದಿದ ನನ್ನಂಥವನಿಗೆ ಇದನ್ನು ಕಂಡಕೂಡಲೇ ಆಗ್ರಯಣೇಷ್ಟಿಯ ನೆನಪಾಗದೆ ಇರದು. ಮಳೆಗಾಲದಲ್ಲಿ ಶ್ಯಾಮಾಕದಿಂದ, ಶರತ್ತಿನಲ್ಲಿ ವ್ರೀಹಿಯಿಂದ, ವಸಂತದಲ್ಲಿ ಯವದಿಂದ ಇಷ್ಟಿಯನ್ನು ಮಾಡದೆ ಹೊಸ ಧಾನ್ಯವನ್ನು ಉಣ್ಣಬಾರದೆಂದು ವಿಧಿಯಿದೆ. ನಮ್ಮ ಬಡಗಣ ಸೀಮೆಯ ಒಕ್ಕಲಿಗರು ಎಳ್ಳಮಾವಾಸ್ಯೆಯಂದು ಹೊಲದಲ್ಲಿ ಚರಗ ಚೆಲ್ಲುವುದೂ ಈ ಭಾವದ್ದೇ. ಇವುಗಳಲ್ಲಿ ಒಂದು ಇನ್ನೊಂದರಿಂದ ಹುಟ್ಟಿತೆಂದು ನಾನು ಹೇಳುವುದಿಲ್ಲ. ಇಂತಹ ಸಾದೃಶ್ಯದಿಂದ ಜನ್ಯಜನಕಭಾವವನ್ನು ಕಲ್ಪಿಸುವುದು ನಮ್ಮ ಸಂಶೋಧಕರಲ್ಲಿ ಪದೇ ಪದೇ ಕಾಣುವ ದೋಷ. ನೆಲವನ್ನು ಉತ್ತವನು ಯಾವ ಮತದವನಾದರೂ ಮೊದಲ ತುತ್ತಿನ ಮುಂದೆ ಒಂದು ಕ್ಷಣ ತಡೆದು ನಿಲ್ಲುತ್ತಾನೆಂಬುದಷ್ಟೇ ಸಿದ್ಧಾಂತ. ಆದ್ದರಿಂದಲೇ ಹೊಸ ಮತದ ಸುಗ್ಗಿಯ ಹಬ್ಬವು ಹಳೆಯ ನೆಲದಲ್ಲಿ ಬೇಗನೆ ಬೇರೂರಿತು.

೫

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕಾಗಿದೆ. ೧೮೭೬-೭೮ ರ ಧಾತು-ಈಶ್ವರ ಸಂವತ್ಸರಗಳ ಕ್ಷಾಮವು ಬಳ್ಳಾರಿಯ ಸೀಮೆಯನ್ನು ಘೋರವಾಗಿ ಪೀಡಿಸಿತು. ಆಗ ಮಿಷನ್ನುಗಳು ಗಂಜಿಯನ್ನು ಕೊಟ್ಟವು, ಅನಾಥಾಲಯಗಳನ್ನು ತೆರೆದವು. ಆ ಬಾಗಿಲಿನಿಂದ ಸಭೆಗೆ ಬಂದವರೂ ಉಂಟು. ಅವರ ಭಕ್ತಿಯು ಅನ್ನಕ್ಕಾಗಿ ಹುಟ್ಟಿದ ಸೋಪಾಧಿಕ ಭಕ್ತಿಯೆಂದು ಅಂದಿನಿಂದ ಇಂದಿನವರೆಗೆ ಹೀಯಾಳಿಸುವವರಿದ್ದಾರೆ. ಅದೇ ಮಿಷನ್ನಿನವರ ಕೆಲವು ಕಿರುಹೊತ್ತಗೆಗಳಲ್ಲಿ ನಮ್ಮ ದೇವತೆಗಳ ವಿಷಯವಾಗಿ ಕಟುವಾದ ಮಾತುಗಳು ಇದ್ದುದೂ ಸುಳ್ಳಲ್ಲ. ಆ ನೋವಿನಿಂದ ಹುಟ್ಟಿದ ಹೀಯಾಳಿಕೆಯನ್ನು ನಾನು ಅರಿಯಬಲ್ಲೆನು.

ಆದರೂ ಶಾಸ್ತ್ರದೃಷ್ಟಿಯಿಂದ ನೋಡೋಣ. ಗೀತೆಯ ಏಳನೆಯ ಅಧ್ಯಾಯದಲ್ಲಿ ಭಜಿಸುವವರು ನಾಲ್ಕು ಬಗೆಯವರೆಂದು ಹೇಳಿದೆ. ಅವರಲ್ಲಿ ಆರ್ತನನ್ನೇ ಮೊದಲು ಎಣಿಸಿದೆ. ಜ್ಞಾನಿಯನ್ನು ಶ್ರೇಷ್ಠನೆಂದರೂ ನಾಲ್ವರನ್ನೂ ಉದಾರರೆಂದೇ ಒಪ್ಪಿದೆ. ಹಸಿದು ಬಂದವನನ್ನು ಭಗವಂತನೇ ಉದಾರನೆಂದಿರಲು, ಉಂಡು ಕುಳಿತ ನಾವು ಅವನನ್ನು ಕೃಪಣನೆನ್ನಬಹುದೆ? ಅನ್ನಕ್ಕಾಗಿ ಹೇಳಿದ ಸ್ತೋತ್ರವು ಹಗುರವೆಂದು ತೋರುವುದು ಎಂದೂ ಹಸಿಯದವನಿಗೆ ಮಾತ್ರ. ಹಸಿವನ್ನು ಕಂಡವನ ಬಾಯಲ್ಲಿ ಅದು ಪ್ರತ್ಯಕ್ಷಪ್ರಮಾಣದಿಂದ ಹುಟ್ಟಿದ ಮಾತು.

ಇನ್ನೊಂದು ಯುಕ್ತಿಯಿದೆ. ಉಪಾಧಿಯು ಕಳೆದ ಮೇಲೆಯೂ ಕಾರ್ಯವು ಉಳಿದರೆ, ಆ ಕಾರ್ಯವು ಉಪಾಧಿಯಿಂದ ಮಾತ್ರ ಆದುದಲ್ಲವೆಂದು ತಿಳಿಯಬೇಕು. ಕ್ಷಾಮದ ಗಂಜಿಯ ಕೇಂದ್ರಗಳು ಮುಚ್ಚಿ ಶತಮಾನವೇ ಆಗಿಹೋಯಿತು. ೧೯೫೩ ರಲ್ಲಿ ತುಂಗಭದ್ರೆಯ ಅಣೆಕಟ್ಟಿನ ನೀರು ಬಿಟ್ಟ ಮೇಲೆ, ಎಡದಂಡೆಯ ಕಾಲುವೆಯಿಂದ ಸಿಂಧನೂರಿನ ಕಪ್ಪುನೆಲವು ಭತ್ತದ ಕಣಜವಾಯಿತು. ಈಗ ಸುಗ್ಗಿಯ ಹಬ್ಬದಲ್ಲಿ ಇಡುವ ಧಾನ್ಯವು ಯಾರೂ ಕೊಟ್ಟುದಲ್ಲ, ತಾವು ದುಡಿದು ಬೆಳೆದುದು. ಆದರೂ ಅದನ್ನು ತಂದು ಇಡುತ್ತಾರೆ, ಸ್ತೋತ್ರವೆನ್ನುತ್ತಾರೆ. ಕೊಟ್ಟ ಕೈಯನ್ನು ದಾಟಿ ಕೊಡಿಸಿದವನನ್ನು ನೋಡುವ ಈ ಅಭ್ಯಾಸವನ್ನು ಗಂಜಿಯ ಲೆಕ್ಕದಲ್ಲಿ ಬರೆಯಲಾಗದು.

೬

'ಕೃತಜ್ಞ'ನೆಂದರೆ ಮಾಡಿದುದನ್ನು ತಿಳಿದವನು. ಶ್ರೀಮದ್ರಾಮಾಯಣದ ಆರಂಭದಲ್ಲಿ ವಾಲ್ಮೀಕಿಯು ನಾರದನಲ್ಲಿ ಎಣಿಸಿ ಕೇಳಿದ ಗುಣಗಳಲ್ಲಿ ಇದೂ ಒಂದು. ಕೃತಜ್ಞತೆಯು ಬರಿಯ ಭಾವವಲ್ಲ, ಒಂದು ಬಗೆಯ ಜ್ಞಾನವೆಂದು ಆ ಪದವೇ ಸಾರುತ್ತದೆ. ಮನೆಯಲ್ಲಿ ಊಟಕ್ಕೆ ಮುನ್ನ ತಲೆಬಾಗುವವರು ತಮ್ಮ ದಿನದ ಚರಿತ್ರೆಯನ್ನು ತಾವೇ ಓದಿಕೊಳ್ಳುತ್ತಾರೆ: ಇದು ಬಂದಿತು, ಇದು ಉಳಿಯಿತು, ಇದು ತಪ್ಪಿತು. ರಾಜ್ಯಗಳು ಬದಲಾದಾಗಲೂ ಸಭೆಯನ್ನು ಕಟ್ಟಿಹಿಡಿದುದು ಈ ಸಣ್ಣ ಚರಿತ್ರೆಯ ನಿತ್ಯಪಾರಾಯಣವೆಂದೇ ನನ್ನ ನಿಶ್ಚಯ.

ಆದುದರಿಂದ ವಿದ್ವಾಂಸರಲ್ಲಿಯೂ ಸಾಹಿತ್ಯದ ಉಪಾಧ್ಯಾಯರಲ್ಲಿಯೂ ನನ್ನದೊಂದು ಬಿನ್ನಹ. ನಿಮ್ಮ ನಿಮ್ಮ ಊರಿನ ಸಭೆಗಳ ಜ್ಞಾನಸ್ನಾನದ ಪುಸ್ತಕಗಳನ್ನೂ, ಮುದುಕಿಯರು ಹೇಳುವ ಹಳೆಯ ಪ್ರಾರ್ಥನೆಗಳನ್ನೂ, ಉಣ್ಣುವಾಗ, ಬಿತ್ತುವಾಗ, ಪಯಣಕ್ಕೆ ಹೊರಡುವಾಗ ಆಡುವ ಮಾತುಗಳನ್ನೂ ಕೇಳಿ ಬರೆದಿಡಿರಿ. ಒಂದೇ ನದಿಯ ಎರಡು ದಂಡೆಗಳಲ್ಲಿ ಒಂದೇ ಕೃಪೆಗೆ ಎರಡು ಹೆಸರಿಟ್ಟವರ ಮಾತುಗಳನ್ನು ಎದುರೆದುರಾಗಿಟ್ಟು ನೋಡಿದರೆ, ನಮ್ಮ ನಿಘಂಟುಗಳು ಇನ್ನೂ ಕಾಣದ ಅರ್ಥಗಳು ದೊರೆತಾವು. ಕನ್ನಡದ ಹಳೆಯ ಗ್ರಂಥಗಳನ್ನು ಹುಡುಕಿ ತೆಗೆದು ನಮಗೆ ಒಪ್ಪಿಸಿದವರಲ್ಲಿ ಈ ಮತದವರೂ ಇದ್ದರು. ಅವರ ಮನೆಮಾತನ್ನು ನಾವು ಹುಡುಕಿ ಉಳಿಸುವುದು ಪ್ರತ್ಯುಪಕಾರವೆನ್ನುವಷ್ಟು ದೊಡ್ಡದಲ್ಲ. ಮಾಡಿದುದನ್ನು ತಿಳಿದಿದ್ದೇವೆಂದು ಹೇಳುವುದಕ್ಕೆ ಅಷ್ಟಾದರೂ ಬೇಕು.